ಮುಯ್ಯಿಗೆ ಮಲಗಿದವಳು

ಬೆಳಗಿನ ಪಾಳಿಯ ಗಂಟೆ ಬಾರಿಸಿದೊಡನೆ ಹೆಂಗಸರು ಸಾಲಾಗಿ ಶೆಡ್ಡಿನೊಳಗೆ ಬಂದರು. ಎರಡು ಸಾಲುಗಳಲ್ಲಿ ಜಡಮಂಚಗಳು ಮುಚ್ಚಳ ತೆರೆದುಕೊಂಡು ಅವರಿಗಾಗಿ ಕಾಯುತ್ತಿದ್ದವು. ಒಬ್ಬೊಬ್ಬಳೂ ಕೊರಳಿನ ಬಿಲ್ಲೆಯನ್ನು ಮಂಚದ ತಲೆಯ ಬಳಿಯ ಕಿಂಡಿಗೆ ತೋರಿಸಿ, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಸೆರಗನ್ನು ಒತ್ತಿಕೊಂಡು ಅಂಗಾತ ಮಲಗಿದಳು.

"ಡಾಕ್ಟ್ರವ್ವಾ, ಇವತ್ತರ ಏಳ್ತೀನೋ ಇಲ್ಲೋ ನೋಡಿ ಮುಚ್ರಿ," ಎಂದು ಮೊದಲ ಮಂಚದಿಂದ ಹುಲಿಗೆಮ್ಮ ಕೂಗಿದಳು. ಅವಳು ಆ ಗುಂಪಿನ ಮುಖಂಡಳು. ಇದು ಅವಳ ದಿನನಿತ್ಯದ ತಮಾಷೆ.

"ಏಳದ ಎಲ್ಲಿಗೆ ಹೋಗ್ತಿ? ಸಂಜೀಕ ಹಳ್ಳದ ಕಡೆ ಸಾಲು ಒರಸೋ ಪಾಳಿ ನಿಂದೇ ಐತಿ," ಎಂದಳು ಡಾ. ಸುಲೋಚನಾ ಪಟ್ಟೇದ.

"ಹಂಗಾರ ಏಳೂದು ಬ್ಯಾಡ ಬಿಡ್ರಿ."

ನಗು ಸಾಲಿನುದ್ದಕ್ಕೂ ಹರಡುವಷ್ಟರಲ್ಲಿ ಮುಚ್ಚಳಗಳು ಇಳಿದವು. ಮಂಚದ ಒಳಗೆ ಮಂದಾನಿಲವೆಂಬ ವಾಸನೆಯಿಲ್ಲದ ಗಾಳಿ ಹರಿಯತೊಡಗಿತು. ಅದನ್ನು ಸೇವಿಸಿದ ದೇಹ ತನ್ನ ಒಳಗಿನ ಉರಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೈಯ ಶಾಖ ಇಳಿಯುತ್ತ ಇಳಿಯುತ್ತ ಬಾವಿಯ ನೀರಿನ ತಂಪಿಗೆ ಬಂದು ನಿಲ್ಲುತ್ತದೆ. ಒಂದು ಎದೆಬಡಿತಕ್ಕೂ ಇನ್ನೊಂದಕ್ಕೂ ನಡುವೆ, ನೋಡುತ್ತ ನಿಂತವರಿಗೆ ಗಾಬರಿಯಾಗುವಷ್ಟು ಅಂತರ ಬೀಳುತ್ತದೆ. ಹಸಿವಿಲ್ಲ, ಬಾಯಾರಿಕೆಯಿಲ್ಲ, ಬೆವರಿಲ್ಲ. ನಾಲ್ಕು ತಾಸಿನ ನಂತರ ಮಂಚ ಮೈಯನ್ನು ಮೆಲ್ಲಗೆ ಕಾಯಿಸಿ ಎಬ್ಬಿಸುತ್ತದೆ. ಈ ಅವಸ್ಥೆಗೆ ಸುಲೋಚನಾ ಇಟ್ಟ ಹೆಸರು ಜಡಸ್ಥಿತಿ.

ಹೊರಗೆ ರಾಯಚೂರು ಸೀಮೆಯ ಬೇಸಿಗೆ ಉರಿಯುತ್ತಿತ್ತು. ಬಿಸಿಲುಮಟ್ಟಿಯ ಸೌರಕ್ಷೇತ್ರದಲ್ಲಿ ಕಣ್ಣು ಹಾಯುವವರೆಗೂ ಗಾಜಿನ ಫಲಕಗಳು; ಅವುಗಳ ನಡುವೆ ಒಂದು ಮರವಿಲ್ಲ. ಫಲಕದ ಮೇಲೆ ಧೂಳು ಕೂತರೆ ವಿದ್ಯುತ್ತು ಅರ್ಧಕ್ಕಿಳಿಯುತ್ತದೆ. ಹಿಂದೆ ಈ ಧೂಳನ್ನು ಒರೆಸಲು ಯಂತ್ರಗಳಿದ್ದವು. ಎರೆಮಣ್ಣಿನ ನುಣುಪು ಪುಡಿ ಯಂತ್ರಗಳ ಕೀಲುಗಳಲ್ಲಿ ಸೇರಿ ಅವುಗಳನ್ನು ನಿಲ್ಲಿಸಿಬಿಡುತ್ತಿತ್ತು. ಲೆಕ್ಕ ಹಾಕಿ ನೋಡಿದಾಗ ಕೀಲು ಬದಲಿಸುವುದಕ್ಕಿಂತ ಹೆಂಗಸರನ್ನು ದುಡಿಸುವುದೇ ಅಗ್ಗವೆಂದು ಸೌರಕ್ಷೇತ್ರ ನಡೆಸುವ ಸಂಸ್ಥೆಗೆ ತಿಳಿಯಿತು. ಮನುಷ್ಯರು ಯಂತ್ರಗಳಿಗಿಂತ ಅಗ್ಗವಾಗುವ ಕಾಲ ಬಂದಾಗ ಯಾರೂ ಡಂಗುರ ಸಾರುವುದಿಲ್ಲ. ಅದು ಇಂಥ ಲೆಕ್ಕಗಳ ಮೂಲಕವೇ ಸದ್ದಿಲ್ಲದೆ ಬರುತ್ತದೆ.

ಸುಲೋಚನಾ ಮಂದಾನಿಲವನ್ನು ಕಂಡುಹಿಡಿದದ್ದು ಇಂಥ ಕೆಲಸಕ್ಕಲ್ಲ. ಪಶ್ಚಿಮದ ಮರುಭೂಮಿಗಳಲ್ಲಿ ಅವಳು ವರ್ಷಗಟ್ಟಲೆ ಮುಳ್ಳಿಲಿಗಳ ಬೆನ್ನುಹತ್ತಿ ಅಲೆದಿದ್ದಳು. ಅಂಗೈಯಲ್ಲಿ ಹಿಡಿಸುವ, ಬೆನ್ನಮೇಲೆ ಒರಟು ಮುಳ್ಳುಗೂದಲಿರುವ ಪ್ರಾಣಿ ಅದು. ದೇಹ ಸಣ್ಣದಾದಷ್ಟೂ ಶಾಖ ಬೇಗ ಸೋರಿಹೋಗುತ್ತದೆ. ಹಂಡೆಯ ನೀರು ನಿಧಾನವಾಗಿ ಆರುತ್ತದೆ, ಬಟ್ಟಲಿನ ಚಹಾ ಥಟ್ಟನೆ ಆರುತ್ತದೆ. ಮರುಭೂಮಿಯ ಇರುಳು ಕೊರೆಯುತ್ತದೆ, ಹಗಲು ಸುಡುತ್ತದೆ, ಕಾಳು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಂಥಲ್ಲಿ ಆ ಪುಟ್ಟ ಒಡಲು ಹಗಲಿರುಳು ಒಲೆ ಉರಿಸುತ್ತ ಕುಳಿತರೆ ಕಟ್ಟಿಗೆ ತೀರಿ ಸಾಯಬೇಕು. ಆದುದರಿಂದ ಮುಳ್ಳಿಲಿ ದಿನದ ಕೆಲವು ತಾಸು ತನ್ನ ಒಲೆಯನ್ನು ಕೆಂಡಕ್ಕಿಳಿಸಿ ಬೂದಿ ಮುಚ್ಚಿಡುತ್ತದೆ. ಆಮೇಲೆ ಬಂಡೆಯ ಬಿರುಕಿನಿಂದ ತೆವಳಿ ಬಂದು ಎಳೆಬಿಸಿಲಿಗೆ ಮೈಯೊಡ್ಡಿ, ತನ್ನ ಕೊಬ್ಬನ್ನು ಸುಡದೆ ಸೂರ್ಯನ ಖರ್ಚಿನಲ್ಲಿ ಬೆಚ್ಚಗಾಗುತ್ತದೆ. ಇದೇ ಉಪಾಯವನ್ನು ಮನುಷ್ಯನಿಗೆ ಕಲಿಸಿದರೆ, ಅಪಘಾತದಲ್ಲಿ ನೆತ್ತರು ಸುರಿಯುತ್ತಿರುವವನು ದೂರದ ಆಸ್ಪತ್ರೆ ಮುಟ್ಟುವವರೆಗೆ ಜೀವ ಹಿಡಿದುಕೊಂಡಿರಬಹುದಲ್ಲ ಎಂಬುದು ಅವಳ ಆಸೆಯಾಗಿತ್ತು.

ಗಾಯಾಳುವಿಗಾಗಿ ಹುಟ್ಟಿದ್ದನ್ನು ಸಂಸ್ಥೆ ಆರೋಗ್ಯವಂತರಿಗೆ ಬಳಸಿತು. ಬಿಸಿಲುಮಟ್ಟಿಯಲ್ಲಿ ಪ್ರತಿ ಬೇಸಿಗೆಯೂ ಬಿಸಿಲು ಬಡಿದು ಹೆಂಗಸರು ಸಾಯುತ್ತಿದ್ದರು. ಸುಡುಹೊತ್ತಿನಲ್ಲಿ ಅವರನ್ನು ತಣ್ಣಗೆ ಮಲಗಿಸೋಣ, ಜೀವ ಉಳಿಯುತ್ತದೆ ಎಂದಾಗ ಸುಲೋಚನಾ ಒಪ್ಪಿದಳು. ಜೀವ ಉಳಿದದ್ದೂ ನಿಜ. ಆ ವರ್ಷ ಬಿಸಿಲಿಗೆ ಒಬ್ಬಳೂ ಬೀಳಲಿಲ್ಲ. ಜಡಸ್ಥಿತಿಯಲ್ಲಿದ್ದವರಿಗೆ ಮಧ್ಯಾಹ್ನದ ಊಟ ಬೇಡವಾಯಿತು, ನೀರೂ ಬೇಡವಾಯಿತು. ಉಳಿತಾಯದ ರುಚಿ ಕಂಡವರಿಗೆ ಇನ್ನಷ್ಟು ಉಳಿಸುವ ಚಪಲ ಹತ್ತುತ್ತದೆ. ಮರುವರ್ಷ ಬೇಸಿಗೆ ಬಲಿತಾಗ ಹೊಸ ಆಜ್ಞೆ ಬಂತು: ಹಗಲು ಕಲ್ಲಿನಂತೆ ಮಲಗಿ ಎದ್ದವರಿಗೆ ರಾತ್ರಿ ಮತ್ತೇಕೆ ನಿದ್ದೆ? ಮುಸ್ಸಂಜೆಗೆ ಹಿಡಿದ ಬ್ರಷ್ಷನ್ನು ಇನ್ನು ಮೇಲೆ ಬೆಳಕು ಹರಿಯುವವರೆಗೂ ಕೆಳಗಿಡುವಂತಿಲ್ಲ. ಮಂಚಗಳು ಜನರ ಅರ್ಧಕ್ಕಷ್ಟೇ ಇದ್ದುದರಿಂದ ಗುಂಪನ್ನು ಎರಡು ಮಾಡಿದರು. ಅರ್ಧ ಜನ ಬೆಳಗಿನ ಪಾಳಿಗೆ ಮಲಗುವುದು, ಉಳಿದರ್ಧ ಮಧ್ಯಾಹ್ನದ ಪಾಳಿಗೆ. ಮಿಕ್ಕ ಅರ್ಧ ದಿನ ತಗಡಿನ ಗುಡಿಸಲಿನಲ್ಲಿ ಅಡುಗೆ, ಮಕ್ಕಳು, ಬೆವರು. ನಡುವೆ ಕಣ್ಣು ಅಂಟಿದರೆ ಅದೇ ನಿದ್ದೆ.

ಈಗ ಆ ಆಜ್ಞೆಗೆ ವಿಜ್ಞಾನದ ಮೊಹರು ಬೇಕಾಗಿತ್ತು.

"ಒಂದ ಸಹಿ ಮೇಡಂ," ಎಂದ ವ್ಯವಸ್ಥಾಪಕ ಶ್ರೀನಾಥ ಗಲಗಲಿ. ಶೆಡ್ಡಿಗೆ ಹೊಂದಿಕೊಂಡೇ ಅವನ ಕಚೇರಿ. ಶೆಡ್ಡಿನಲ್ಲಿ ಆಗ ಮಧ್ಯಾಹ್ನದ ಪಾಳಿಯವರು ಮಲಗಿದ್ದರು, ಅವರು ಏಳುವ ಹೊತ್ತು ಹತ್ತಿರವಾಗಿತ್ತು. "ನಾಳೆ ನಿರ್ದೇಶಕರು ಬರ್ತಾರ. ಜಡಸ್ಥಿತಿ ಅಂದ್ರ ಪೂರ್ಣ ವಿಶ್ರಾಂತಿ ಅಂತ ನೀವು ಬರದು ಕೊಟ್ರ, ದೇಶದಾಗಿನ ಎಲ್ಲಾ ಸೌರಕ್ಷೇತ್ರಕ್ಕೂ ಇದ ಪದ್ಧತಿ ಆಗ್ತದ."

ಸುಲೋಚನಾ ಕುಳಿತಿದ್ದವಳು ಎದ್ದಳು. ಕಿಟಕಿಯವರೆಗೆ ನಡೆದು ಮತ್ತೆ ಬಂದಳು. ಕೆಲವು ವಾರಗಳಿಂದ ಅವಳಿಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ಕಾರಣ ಅವಳಿಗೇ ಗೊತ್ತಿರಲಿಲ್ಲ. "ಹೆಂಗಸರ ಮುಖ ನೋಡೀರೇನು ನೀವು? ನಿನ್ನೆ ಒಬ್ಬಾಕಿ ಒರಸಿದ ಸಾಲನ್ನ ಮತ್ತ ಮೂರು ಸಲ ಒರಸಿದಳು."

"ಶ್ರದ್ಧಾ ಇರಬೇಕ್ರಿ."

"ಶ್ರದ್ಧಾ ಅಲ್ಲ. ಒರಸಿದ್ದು ಮರತದ."

"ನೋಡ್ರಿ, ಮಂದಿಗೊಂದು ನ್ಯಾಯ, ನನಗೊಂದು ನ್ಯಾಯ ಅನ್ನಾವ ನಾ ಅಲ್ಲ. ನನ್ನ ಖೋಲ್ಯಾಗೂ ಒಂದು ಮಂಚ ಹಾಕಿಸೀನಿ. ಬೆಳಿಗ್ಗಿ ದಿನಾ ಮಲಗ್ತೀನಿ, ರಾತ್ರಿಯೆಲ್ಲಾ ಕೂತು ಕೆಲಸ ನೋಡ್ತೀನಿ. ಏನಾಗೇದ ನನಗ?"

ಅವನ ಎಡಗಣ್ಣಿನ ರೆಪ್ಪೆ ಅದುರುತ್ತಿತ್ತು. ಮಾತಾಡುತ್ತಲೇ ಅವನು ಒಂದೇ ಹಾಳೆಗೆ ಮೊಹರು ಒತ್ತಿ, ಒತ್ತಿದ್ದನ್ನು ಮರೆತು, ಮತ್ತೆ ಒತ್ತಿದ. ಕಪ್ಪಿನಲ್ಲಿ ಆರಿಹೋಗಿದ್ದ ಚಹಾಕ್ಕೆ ಸಕ್ಕರೆ ಹಾಕಿ, ಕಲಕದೆ ಅಲ್ಲೇ ಬಿಟ್ಟ.

"ಅಲ್ಲದ ಇದನ್ನ ನೋಡ್ರಿ," ಎಂದು ಪರದೆಯ ಮೇಲೆ ಒಂದು ರೇಖೆ ತೋರಿಸಿದ. "ಮೂವತ್ತೊಂದನೇ ಬಿಲ್ಲೆ, ದ್ಯಾಮವ್ವ. ಬಗಲಾಗ ಹಾಲು ಕುಡಿಯೋ ಕೂಸು. ಮಧ್ಯಾಹ್ನದ ಪಾಳಿ ಒಂದು ದಿನಾನೂ ತಪ್ಪಿಸಿಲ್ಲ. ಅಕಿ ಕೂಸು ನೋಡ್ರಿ, ಗುಂಡಕಲ್ಲಿನಂಗ ಐತಿ. ಬಾಣಂತಿಗೂ ಜಡಸ್ಥಿತಿ ಒಗ್ಗತದ ಅಂದ್ರ ಇನ್ನೇನು ಬೇಕು?"

ಸುಲೋಚನಾ ಪರದೆಯ ಮುಂದೆ ನಿಂತುಬಿಟ್ಟಳು. ಅವಳ ಚಡಪಡಿಕೆಗೆ ಕೊನೆಗೂ ಒಂದು ಹೆಸರು ಸಿಕ್ಕಿತ್ತು. ಮರಿಗಳಿಗೆ ಮೊಲೆಯೂಡಿಸುವ ಮುಳ್ಳಿಲಿ ಎಂಥ ಹಸಿವಿನಲ್ಲೂ ಜಡಸ್ಥಿತಿಗೆ ಇಳಿದದ್ದನ್ನು ಅವಳು ಕಂಡಿರಲಿಲ್ಲ. ತಣ್ಣಗಾದ ಮೈಯಲ್ಲಿ ಹಾಲು ಕಟ್ಟುವುದಿಲ್ಲ. ತಾಯಿಲಿ ಬೇರೆಲ್ಲದರಲ್ಲಿ ಉಳಿಸುತ್ತದೆ, ಮರಿಯ ಪಾಲಿನಲ್ಲಿ ಉಳಿಸುವುದಿಲ್ಲ. ಹಾಗಿದ್ದರೆ ದ್ಯಾಮವ್ವನ ಎದೆಯಲ್ಲಿ ಹಾಲು ಎಲ್ಲಿಂದ ಬಂತು?

"ಸಹಿ?" ಎಂದ ಗಲಗಲಿ.

"ಬಂದು ಹೇಳ್ತೀನಿ," ಎಂದು ಅವಳು ಬಿಸಿಲಿಗೆ ಇಳಿದಳು.

ಗುಡಿಸಲುಗಳ ಓಣಿಯಲ್ಲಿ ಬಿಸಿಗಾಳಿ ಸುತ್ತುತ್ತಿತ್ತು. ಹಿಂದಿನ ದಿನ ಬೀಸಿದ ಧೂಳುಗಾಳಿಯಿಂದ ದೂರದ ಫಲಕಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು. ನಲ್ಲಿಯ ಬಳಿ ಇಬ್ಬರು ಹೆಂಗಸರು ಒಂದು ಖಾಲಿ ಕೊಡಕ್ಕಾಗಿ ಜಗಳವಾಡುತ್ತಿದ್ದರು. ಕೊಡ ಮೂರನೆಯವಳದು, ಅವಳು ಪಕ್ಕದಲ್ಲೇ ನಿಂತು, ಯಾರದು ಎಂದು ಕೇಳುತ್ತಿದ್ದಳು. ಇನ್ನೊಬ್ಬಳು ಕಸಬರಿಗೆ ಹಿಡಿದು ಬಾಗಿದವಳು ಬಾಗಿದಂತೆಯೇ ನೆಲ ನೋಡುತ್ತಿದ್ದಳು. ಬೆಳಗಿನ ಪಾಳಿಯಲ್ಲಿ ಮಲಗಿ ಎದ್ದು ಬಂದವರು ಇವರು. ಗಲಗಲಿಯ ಭಾಷೆಯಲ್ಲಿ ಪೂರ್ಣ ವಿಶ್ರಾಂತಿ ಪಡೆದವರು.

ಕೊನೆಯ ಗುಡಿಸಲಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಸುಲೋಚನಾ ಬಾಗಿಲಿನಲ್ಲಿ ಬಗ್ಗಿದಳು. ಒಲೆಯ ಮುಂದೆ ದ್ಯಾಮವ್ವ. ತೊಡೆಯ ಮೇಲೆ ಕೂಸು. ಎದೆಯನ್ನು ಕಚ್ಚಿಕೊಂಡೇ ಅದು ಬಂದವರನ್ನು ಓರೆಗಣ್ಣಿನಿಂದ ನೋಡಿತು.

ದ್ಯಾಮವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

"ಈಗ ನೀ ಮಂಚದಾಗ ಇರಬೇಕಲ್ಲ?" ಎಂದಳು ಸುಲೋಚನಾ.

"ಹ್ಞೂಂ ರೀ."

"ಮತ್ತ ಇಲ್ಲಿ ರೊಟ್ಟಿ ಬಡ್ಯಾಕ ಯಾರು ಕುಂತಾರ?"

"ನಾನ ರೀ."

"ಹಂಗಾರ ಮೂವತ್ತೊಂದನೇ ಮಂಚದಾಗ ಯಾರದಾರ?"

ದ್ಯಾಮವ್ವ ಕೂಸಿನ ತಲೆಗೆ ಸೆರಗು ಹೊದಿಸಿದಳು. "ಸಿಟ್ಟಾಗಬ್ಯಾಡ್ರಿ ಡಾಕ್ಟ್ರವ್ವ. ಹುಲಿಗೆಮ್ಮತ್ತಿ ಅದಾಳ್ರಿ."

"ಹುಲಿಗೆಮ್ಮ ಬೆಳಿಗ್ಗಿ ಪಾಳ್ಯಾಕಿ. ನಾನ ಮುಚ್ಚಳ ಮುಚ್ಚೀನಿ."

"ಅದೂ ಮಲಗ್ತಾಳ್ರಿ, ಮಧ್ಯಾಹ್ನ ನೀವು ಇಲ್ಲದಾಗ ಇದೂ ಮಲಗ್ತಾಳ್ರಿ. ಮುಯ್ಯಿ ರೀ."

ಮುಯ್ಯಿ ಎಂದರೆ ಏನೆಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಹೊಲದ ಕಳೆಗೆ ನೀನು ಬಾ, ನಿನ್ನ ಹೊಲದ ಕೊಯ್ಲಿಗೆ ನಾನು ಬರುತ್ತೇನೆ. ಆಳಿಗೆ ಆಳು, ದಿನಕ್ಕೆ ದಿನ. ಹೊಲ ಬಿಟ್ಟು ಗಾಜಿನ ಬಯಲಿಗೆ ಬಂದರೂ ಹೆಂಗಸರು ಆ ರೂಢಿಯನ್ನು ಬಿಟ್ಟಿರಲಿಲ್ಲ. ಬಾಣಂತನ ಮುಗಿಸಿ ಕೆಲಸಕ್ಕೆ ಬಂದು ಮಂಚದಲ್ಲಿ ಮಲಗಿದ ಮೊದಲ ವಾರದಲ್ಲೇ ದ್ಯಾಮವ್ವನ ಎದೆ ಬತ್ತಿತ್ತು. ಕೂಸು ಅತ್ತು ಅತ್ತು ಕಂಗಾಲಾಗಿತ್ತು. ಮಲಗದಿದ್ದರೆ ಬಿಲ್ಲೆ ಕಿತ್ತುಕೊಂಡು ಕೆಲಸದಿಂದ ತೆಗೆಯುತ್ತಿದ್ದರು. ಆಗ ಹುಲಿಗೆಮ್ಮ ಅವಳ ಬಿಲ್ಲೆಯನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಪ್ರತಿಯಾಗಿ ದ್ಯಾಮವ್ವ ಹಳ್ಳದ ಕಡೆಯ ಸಾಲಿನಲ್ಲಿ ಅವಳ ಪಾಲಿನ ಫಲಕಗಳನ್ನು ಆಗಾಗ ಒರೆಸಿಕೊಡುವುದೆಂದು ಮಾತಾಯಿತು. ಸುದ್ದಿ ಹಬ್ಬಿ, ಜ್ವರ ಬಂದವಳು, ತಮ್ಮನ ಮದುವೆಗೆ ಹೊರಟವಳು, ಮುಚ್ಚಳ ಇಳಿದರೆ ಉಸಿರುಗಟ್ಟುವ ಭಯದವಳು, ಒಬ್ಬೊಬ್ಬಳಾಗಿ ಹುಲಿಗೆಮ್ಮನ ಹತ್ತಿರ ಬಂದರು. ಅವಳು ಇಲ್ಲ ಎನ್ನಲಿಲ್ಲ. ಅವರಿಗಾಗಿ ಮಲಗುವ ದಿನ ದ್ಯಾಮವ್ವನ ಬಿಲ್ಲೆಯನ್ನು ಬೆಳಗಿನ ಪಾಳಿಯ ಇನ್ನೊಬ್ಬಳು ಹಾಕಿಕೊಳ್ಳುತ್ತಿದ್ದಳು.

"ನಾ ಬ್ಯಾಡ ಅಂದೆ ರೀ," ಎಂದಳು ದ್ಯಾಮವ್ವ. "ಅಕಿ ನಕ್ಕಳು. ಮುಯ್ಯಿಗೆ ಕಳೆ ತಗದೀನಿ, ಮುಯ್ಯಿಗೆ ಕಲ್ಲು ಹೊತ್ತೀನಿ, ಮುಯ್ಯಿಗೆ ಮಲಗೂದು ಒಂದು ಕೆಲಸೇನ ಹುಚ್ಚೀ ಅಂದಳು."

"ಎಂದಿನಿಂದ?"

"ರಾತ್ರಿ ಪಾಳಿ ಹಚ್ಚಿದಾಗಿಂದ ರೀ."

ಸುಲೋಚನಾಳ ಕಾಲುಗಳು ಆಗಲೇ ಓಣಿಯಲ್ಲಿದ್ದವು. ರಾತ್ರಿಯೆಲ್ಲ ಒರೆಸುವುದು. ಬೆಳಿಗ್ಗೆ ಮಂಚ, ಮಧ್ಯಾಹ್ನ ಮಂಚ. ಸಂಜೆಗೆ ಮತ್ತೆ ಬ್ರಷ್ಷು. ಹುಲಿಗೆಮ್ಮನ ದಿನದಲ್ಲಿ ನೆಲಕ್ಕೆ ತಲೆ ಕೊಟ್ಟು ಮಲಗಲು ಒಂದು ಬೆರಳಿನಷ್ಟು ಸಂದೂ ಉಳಿದಿರಲಿಲ್ಲ. ಬಿಸಿಲಿನಲ್ಲಿ ಓಡುತ್ತಿದ್ದ ಡಾಕ್ಟರಮ್ಮನನ್ನು ಕಂಡು ನಲ್ಲಿಯ ಬಳಿಯ ಹೆಂಗಸರು ಜಗಳ ಬಿಟ್ಟು ಅವಳ ಹಿಂದೆ ಹೊರಟರು; ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು, ಕೂಸನ್ನು ಎತ್ತಿಕೊಂಡು ದ್ಯಾಮವ್ವನೂ ಹೊರಟಳು.

ಅವರು ಶೆಡ್ಡು ಮುಟ್ಟುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಮುಚ್ಚಳಗಳು ತೆರೆದವು. ಹೆಂಗಸರು ಎದ್ದು ಕುಳಿತು ಕಣ್ಣು ಹೊಸಕಿಕೊಂಡರು. ಮೂವತ್ತೊಂದನೇ ಮಂಚದಲ್ಲಿ ಹುಲಿಗೆಮ್ಮ ಏಳಲಿಲ್ಲ.

ಸುಲೋಚನಾ ಅವಳ ಕೈ ಹಿಡಿದಳು. ಕೈ ಬೆಚ್ಚಗಿತ್ತು. ನಾಡಿ ನೆಟ್ಟಗಿತ್ತು. ಕೆನ್ನೆ ತಟ್ಟಿದಳು, ಹೆಸರು ಹಿಡಿದು ಕೂಗಿದಳು, ಪಾದ ತಿಕ್ಕಿದಳು. ಮಂಚದ ಸುತ್ತ ಜನ ಕಟ್ಟಿತು. ಬೆಳಿಗ್ಗೆ ಆಡಿದ ತಮಾಷೆ ಎಲ್ಲರಿಗೂ ನೆನಪಾಗಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಗಲಗಲಿ ಓಡಿ ಬಂದ. "ಹೋಗಿಬಿಟ್ಟಳೇನ್ರಿ?"

"ಇಲ್ಲ."

"ಮಂಚದ ದೋಷ ಅಂತ ಮಾತ್ರ ಬರೀಬ್ಯಾಡ್ರಿ. ನಾಳೆ ನಿರ್ದೇಶಕರು ಬರ್ತಾರ. ಎಚ್ಚರದ ಸೂಜಿ ಐತಿ, ಅದನ್ನ ಚುಚ್ಚಿ ಎಬ್ಬಿಸ್ರಿ."

"ಅಕಿಗೆ ಏನಾಗೇದ ಅಂತ ತಿಳೀದ ನಾ ಏನೂ ಚುಚ್ಚಂಗಿಲ್ಲ," ಎನ್ನುತ್ತ ಸುಲೋಚನಾ ಪೆಟ್ಟಿಗೆ ತೆರೆದು ಮಿದುಳಲೆಯ ಪಟ್ಟಿಯನ್ನು ತೆಗೆದಳು. ಹಣೆಗೆ ಕಟ್ಟಿದರೆ ಮಿದುಳಿನ ಒಳಗಿನ ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಬರೆದು ತೋರಿಸುವ ಸಾಧನ ಅದು. ಜಡಸ್ಥಿತಿಯಲ್ಲಿದ್ದವರ ಮಿದುಳನ್ನು ಅವಳು ಎಷ್ಟೋ ಬಾರಿ ಹೀಗೆ ನೋಡಿದ್ದಳು. ಅಲ್ಲಿ ಅಲೆಯೇ ಇರುವುದಿಲ್ಲ, ಕೆರೆಯ ನೀರಿನಂತೆ ಸಪಾಟು ಗೆರೆ. ಅದನ್ನು ಅವಳೂ ಉಳಿದೆಲ್ಲರಂತೆ ಪರಮ ವಿಶ್ರಾಂತಿಯೆಂದೇ ನಂಬಿದ್ದಳು.

ಈಗ ಪರದೆಯ ಮೇಲೆ ಎದ್ದದ್ದು ಬೇರೆ. ಎತ್ತರವಾದ, ನಿಧಾನವಾದ, ಒಂದರ ಹಿಂದೊಂದು ಉರುಳಿಬರುವ ಅಲೆಗಳು. ದಿನಗಟ್ಟಲೆ ಕಣ್ಣು ಮುಚ್ಚಲು ಬಿಡದೆ ಇರಿಸಿದ ಪ್ರಾಣಿಗಳನ್ನು ಕೊನೆಗೆ ಮಲಗಲು ಬಿಟ್ಟಾಗ ಕಾಣುವ ಅಲೆಗಳು.

ಸುಲೋಚನಾ ನೆಲಕ್ಕೆ ಕುಳಿತಳು. ಬಹಳ ದಿನಗಳ ನಂತರ ಅವಳ ಕಾಲುಗಳು ಒಂದು ಕಡೆ ನಿಂತಿದ್ದವು.

"ನಿದ್ದಿ ಮಾಡಾಕತ್ತಾಳ," ಎಂದಳು.

"ಇಷ್ಟೊತ್ತೂ ಮಾಡಿದ್ದೇನ್ರಿ ಮತ್ತ?" ಎಂದ ಗಲಗಲಿ.

"ಇಷ್ಟೊತ್ತೂ ಆಕಿ ಆರಿ ಬಿದ್ದಿದ್ದಳು. ಆರಿದ್ದು ಬ್ಯಾರೆ, ಮಲಗಿದ್ದು ಬ್ಯಾರೆ." ಅವಳು ತನಗೇ ಹೇಳಿಕೊಳ್ಳುವಂತೆ ಮಾತಾಡಿದಳು. "ಮುಳ್ಳಿಲಿ ಬಿಸಿಲಿಗೆ ಬಂದು ಮೈ ಕಾಯಿಸಿಕೊಂಡ ಮ್ಯಾಲೆ ಮೊದಲು ಏನು ಮಾಡತೈತಿ ಗೊತ್ತೇನು? ಕಾಳು ಹುಡುಕಂಗಿಲ್ಲ. ನಿದ್ದಿ ಮಾಡತೈತಿ. ಅದು ದಣಿವಿಂದು ಅಂತ ನಾವೆಲ್ಲಾ ಅಂದುಕೊಂಡಿದ್ವಿ. ಅಲ್ಲ. ತಣ್ಣಗಾದ ಮಿದುಳಿಗೆ ನಿದ್ದಿ ಮಾಡಾಕ ಬರಂಗಿಲ್ಲ. ಜಡಸ್ಥಿತಿಯೊಳಗೂ ನಿದ್ದಿಯ ಬಾಕಿ ಏರತಾನ ಇರತೈತಿ. ಅದನ್ನ ತೀರಿಸಾಕಂತನ ಅದು ಮೈ ಬಿಸಿ ಮಾಡಿಕೊಳ್ಳತೈತಿ."

ಕಾಳಿನಲ್ಲಿ ಉಳಿಸುವ, ನೀರಿನಲ್ಲಿ ಉಳಿಸುವ, ಉಸಿರಿನಲ್ಲೂ ಉಳಿಸುವ ಆ ಜಿಪುಣ ಜೀವಿ ಕೂಡಿಟ್ಟದ್ದನ್ನೆಲ್ಲ ಒಡೆದು ಖರ್ಚು ಮಾಡುವುದು ನಿದ್ದೆಗೆ. ಇಲಿಗೆ ತಿಳಿದ ಈ ಮಾತು ಸಂಸ್ಥೆಗೆ ತಿಳಿಯಲಿಲ್ಲ, ಯಾಕೆಂದರೆ ಸಂಸ್ಥೆ ಇಲಿಯಿಂದ ಕಲಿಯಲು ಹೊರಟದ್ದು ತನಗೆ ಬೇಕಾದ ಅರ್ಧವನ್ನು ಮಾತ್ರ. ಉಪವಾಸವಿರುವುದನ್ನು ಕಲಿತು, ಉಣ್ಣುವುದನ್ನು ಕಲಿಯದೆ ಬಂದ ಹಾಗೆ.

"ಎಬ್ಬಿಸಿದ್ರ ಏನಾಗ್ತದ?" ಎಂದು ಗಲಗಲಿ ಕೇಳಿದ. ಅವನ ರೆಪ್ಪೆ ಈಗ ಎರಡೂ ಕಡೆ ಅದುರುತ್ತಿತ್ತು.

"ಸೂಜಿ ಚುಚ್ಚಿ ಎಬ್ಬಿಸಿ ಮತ್ತ ರಾತ್ರಿ ಕೆಲಸಕ್ಕ ಹಚ್ಚಿದ್ರ ಎದಿ ನಿಂತು ಸತ್ತಾಳು. ಆಕಿ ಏಳೋತನಕ ಆಕಿನ್ನ ಯಾರೂ ಮುಟ್ಟೂ ಹಂಗಿಲ್ಲ."

"ಆತು. ಇಕಿ ಇಲ್ಲೇ ಬಿದ್ದಿರಲಿ. ಉಳಿದವರು ಬ್ರಷ್ಷು ತೊಗೊಂಡು ನಡೀರಿ. ನಿನ್ನೆ ಗಾಳಿಗೆ ಫಲಕ ಎಲ್ಲಾ ಮುಚ್ಚಿಹೋಗ್ಯಾವ. ಬೆಳಗಾಗೂದ್ರೊಳಗ ಹಸನಾಗಬೇಕು."

ಯಾರೂ ಕದಲಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಣ್ಣುಗಳೆಲ್ಲ ಕೆಂಪಾಗಿದ್ದವು. ದ್ಯಾಮವ್ವ ಕೂಸನ್ನು ಬಗಲಿನಿಂದ ಬಗಲಿಗೆ ಬದಲಿಸಿ ಮುಂದೆ ಬಂದಳು.

"ಡಾಕ್ಟ್ರವ್ವಾ, ಒಂದು ಮಾತು. ಇಕಿ ನಿದ್ದಿಗೆಟ್ಟಿದ್ದು ನಮ್ಮ ಸಲುವಾಗಿ?"

"ಹೌದು."

"ಹಂಗಾರ ಮುಯ್ಯಿ ನಾವು ತೀರಿಸಬೇಕು." ಅವಳು ಮಂಚದ ಪಕ್ಕದ ನೆಲವನ್ನು ಸೆರಗಿನಿಂದ ಒರೆಸಿದಳು. "ನನ್ನ ಪಾಲಿಂದು ನಾ ಮಲಗ್ತೀನಿ. ಜ್ವರಾ ಬಂದಾಗ ಇಕಿನ್ನ ಮಲಗಿಸಿದ್ಯಲ್ಲ ಕರಿಯವ್ವಾ, ನಿನ್ನ ಪಾಲಿಂದು ನೀ ಮಲಗು. ಎಲ್ಲಾರೂ ಸೇರಿದ್ರ ಸಂಜಿ ಅನ್ನೂದ್ರಾಗ ಆಕಿಗೆ ಹಗರಾಗತೈತಿ."

"ದ್ಯಾಮವ್ವ," ಎಂದಳು ಸುಲೋಚನಾ. ಸುಳ್ಳಿಗೆ ತಲೆಯಾಡಿಸುವುದು ಅವಳಿಗೆ ಬಾರದ ವಿದ್ಯೆ. "ಒಬ್ಬರ ನಿದ್ದಿ ಇನ್ನೊಬ್ಬರು ಮಾಡಾಕ ಬರಂಗಿಲ್ಲ. ಮುಯ್ಯಿ ನಡೀದ ಕೆಲಸ ಇದೊಂದ."

"ಮಂಚದಾಗ ನಡದದ್ದು ನೆಲದ ಮ್ಯಾಲ ಯಾಕ ನಡ್ಯಾಂಗಿಲ್ರಿ?"

ಉತ್ತರವಿತ್ತು. ಮಿದುಳಲೆ, ಶಾಖ, ಬಾಕಿ ಎಲ್ಲವನ್ನೂ ಬಿಡಿಸಿ ಹೇಳಬಹುದಾಗಿತ್ತು. ಸುಲೋಚನಾ ಅದನ್ನು ಸರಳ ಮಾಡಿ ಹೇಳುವ ಬಗೆ ಯೋಚಿಸುವಷ್ಟರಲ್ಲಿ ದ್ಯಾಮವ್ವ ಕೂಸನ್ನು ಎದೆಗವಚಿಕೊಂಡು ನೆಲಕ್ಕೊರಗಿದ್ದಳು, ಮತ್ತು ಉತ್ತರ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಕರಿಯವ್ವ ಅವಳ ಬೆನ್ನಿಗೆ ಬೆನ್ನು ಹಚ್ಚಿದಳು. ಕೊಡಕ್ಕಾಗಿ ಜಗಳವಾಡಿದವರಿಬ್ಬರೂ ಒಂದೇ ಚೀಲವನ್ನು ತಲೆದಿಂಬು ಮಾಡಿಕೊಂಡರು. ಒಬ್ಬಳು ಮಲಗಿದ್ದನ್ನು ಕಂಡು ಇನ್ನೊಬ್ಬಳು, ಅವಳನ್ನು ಕಂಡು ಮತ್ತೊಬ್ಬಳು. ತಂಪು ಹೊತ್ತಿನಲ್ಲಿ ಬಿಲದೊಳಗೆ ಒಂದಕ್ಕೊಂದು ಅಂಟಿಕೊಂಡು ಬೆಚ್ಚಗಿರುವ ಸಣ್ಣ ಪ್ರಾಣಿಗಳಂತೆ ಮೂವತ್ತೊಂದನೇ ಮಂಚದ ಸುತ್ತ ಹೆಂಗಸರು ಒತ್ತಾಗಿ ಮಲಗಿಬಿಟ್ಟರು. ಸತ್ಯಾಗ್ರಹವೆಂಬ ಪದ ಅವರ ಬಾಯಿಗೆ ಬರಲಿಲ್ಲ. ಮುಷ್ಕರವೂ ಅವರ ಮನಸ್ಸಿನಲ್ಲಿರಲಿಲ್ಲ. ಅವರು ಸಾಲ ಉಳಿಸಿಕೊಳ್ಳದ ಜನ, ಅಷ್ಟೆ.

ಗಲಗಲಿ ಸಾಲುಗಳ ನಡುವೆ ಓಡಾಡಿದ. ಬೈದ. ಬಿಲ್ಲೆ ಕಿತ್ತುಕೊಳ್ಳುತ್ತೇನೆಂದ. ಸೈರನ್ ಹಾಕಿಸಿದ. ಫಲಕಗಳ ಬಯಲಿನಲ್ಲಿ ಮಲಗಿದ್ದ ನಾಯಿಗಳು ಎದ್ದವು, ಹೆಂಗಸರು ಏಳಲಿಲ್ಲ. ಅದು ಅವರ ಹಟವಾಗಿದ್ದರೆ ಬೆದರಿಕೆಗೆ ಬಗ್ಗುತ್ತಿದ್ದರೋ ಏನೋ. ವಾರಗಟ್ಟಲೆ ತಡೆದು ನಿಲ್ಲಿಸಿದ್ದ ನಿದ್ದೆ ಕಟ್ಟೆಯೊಡೆದಾಗ ಅದಕ್ಕೆ ಕಿವಿಯಿರುವುದಿಲ್ಲ.

ಆ ಇರುಳು ಯಾರೂ ಫಲಕ ಒರೆಸಲಿಲ್ಲ. ಮರುದಿನದ ಸೂರ್ಯ ಎಂದಿನಂತೆಯೇ ಧಾರಾಳವಾಗಿ ಬೆಳಕು ಸುರಿದ. ಧೂಳು ಅದರ ಬಹುಪಾಲನ್ನು ತಾನೇ ಕುಡಿಯಿತು. ದೂರದ ನಗರಗಳಲ್ಲಿ ತಂಪುಯಂತ್ರಗಳು ನಿಂತವು, ಲಿಫ್ಟುಗಳು ನಡುದಾರಿಯಲ್ಲಿ ಸಿಕ್ಕಿಕೊಂಡವು. ಬಿಸಿಲುಮಟ್ಟಿಯ ಹೆಸರನ್ನೇ ಕೇಳಿರದ ಜನ ಕಿಟಕಿ ತೆರೆದು, ಏನಾಯಿತೆಂದು ಒಬ್ಬರನ್ನೊಬ್ಬರು ಕೇಳಿದರು. ಶಕ್ತಿ ಉಳಿಸಲೆಂದು ತಂದ ಯಂತ್ರ ಒಂದು ನಾಡಿನ ಶಕ್ತಿಯನ್ನೇ ಅರ್ಧಕ್ಕೆ ಇಳಿಸಿತ್ತು.

ಸುಲೋಚನಾ ಗಲಗಲಿಯ ಮೇಜಿನ ಮುಂದೆ ಕುಳಿತು, ಅವನು ಸಿದ್ಧಪಡಿಸಿದ್ದ ಪ್ರಮಾಣಪತ್ರದ ಮೇಲಿನ ಸಾಲುಗಳನ್ನೆಲ್ಲ ಹೊಡೆದುಹಾಕಿದಳು. ಕೆಳಗೆ ತನ್ನ ಕೈಬರಹದಲ್ಲಿ ಬರೆದಳು: 'ಜಡಸ್ಥಿತಿ ವಿಶ್ರಾಂತಿಯಲ್ಲ. ಅದರಿಂದ ದೇಹಕ್ಕೆ ನಿದ್ರೆಯ ಬಾಕಿ ಏರುತ್ತದೆ. ಆದುದರಿಂದ ಮಂಚದಲ್ಲಿ ಕಳೆದ ಹೊತ್ತನ್ನು ದುಡಿಮೆಯ ಹೊತ್ತೆಂದೇ ಎಣಿಸತಕ್ಕದ್ದು. ಹಾಲೂಡಿಸುವ ತಾಯಂದಿರನ್ನು ಅದರಲ್ಲಿ ಮಲಗಿಸಕೂಡದು.' ಸಹಿ ಹಾಕಿದಳು. ನಂತರ ಆ ಹಾಳೆಯನ್ನು ಕೊಡಲೆಂದು ಗಲಗಲಿಯನ್ನು ಹುಡುಕುತ್ತ ಹೊರಗೆ ಬಂದಳು.

ಅವನು ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತಿದ್ದ. ಕಂಬಕ್ಕೆ ತಲೆ ಒರಗಿತ್ತು, ಬಾಯಿ ತುಸು ತೆರೆದಿತ್ತು. ಕೈಯಲ್ಲಿದ್ದ ಫೋನು ಬಡಿದುಕೊಳ್ಳುತ್ತಲೇ ಇತ್ತು. ನಿರ್ದೇಶಕರಿಗೆ ಕಾರಣ ಹೇಳಲೆಂದು ಒಂದು ಗಳಿಗೆ ಕುಳಿತವನನ್ನು ಅವನದೇ ಬಾಕಿ ಬಂದು ಹಿಡಿದಿತ್ತು.

ಸುಲೋಚನಾ ಫೋನು ತೆಗೆದುಕೊಂಡಳು.

"ಗಲಗಲಿ ಎಲ್ಲಿ?" ಎಂದಿತು ಆ ಕಡೆಯಿಂದ ನಿರ್ದೇಶಕರ ದನಿ.

"ನಿದ್ದೆ ಮಾಡುತ್ತಿದ್ದಾರೆ."

"ಈ ಹೊತ್ತಿನಲ್ಲಿಯೇ? ಯಾವಾಗ ಏಳುತ್ತಾರೆ?"

"ನಿದ್ದೆ ಮುಗಿದ ಮೇಲೆ," ಎಂದು ಅವಳು ಫೋನನ್ನು ಅವನ ಅಂಗಿಯ ಕಿಸೆಗೆ ಇಳಿಬಿಟ್ಟಳು.

ಒಳಗೆ ಯಾರೋ ಕೆಮ್ಮಿದ ಸದ್ದಾಯಿತು. ಹುಲಿಗೆಮ್ಮ ಮಂಚದ ಅಂಚಿನಲ್ಲಿ ಕಾಲಿಳಿಬಿಟ್ಟು ಕುಳಿತಿದ್ದಳು. ಕಾಲಿಡಲು ನೆಲವೇ ಇರಲಿಲ್ಲ. ಎಲ್ಲೆಲ್ಲೂ ಮಲಗಿದವರ ಜಡೆ, ಕೈ, ಸೆರಗು. ಅವಳು ದಿಗಿಲಿನಿಂದ ಸುತ್ತ ನೋಡಿದಳು.

"ಏನಾತ್ರಿ ಡಾಕ್ಟ್ರವ್ವಾ? ಯಾಕ ಎಲ್ಲಾರೂ ಹಿಂಗ ಬಿದ್ದಾರ?"

"ನಿನ್ನ ಮುಯ್ಯಿ ತೀರಸಾಕತ್ತಾರ."

ಹುಲಿಗೆಮ್ಮ ದ್ಯಾಮವ್ವನ ತೋಳಿನಿಂದ ಜಾರಿದ್ದ ಕೂಸನ್ನು ಬಗ್ಗಿ ಎತ್ತಿಕೊಂಡಳು. "ಅದಕ್ಕ ನೋಡ್ರಿ ಮೈ ಇಷ್ಟು ಹಗರಾಗೇದ," ಎಂದಳು.

ಸುಲೋಚನಾ ಈ ಸಲ ಅದನ್ನು ತಿದ್ದಲು ಹೋಗಲಿಲ್ಲ.

ಮಲಗಿದವರನ್ನು ದಾಟುತ್ತ, ಅಲ್ಲಲ್ಲಿ ಕಾಲ ಬೆರಳೂರುತ್ತ ಹುಲಿಗೆಮ್ಮ ಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆ ಗಲಗಲಿಯನ್ನು ಕಂಡು ನಿಂತಳು. ಏರುಬಿಸಿಲು ಅವನ ಮುಖದ ಮೇಲೆ ಬೀಳುತ್ತಿತ್ತು. ಕಿಸೆಯೊಳಗೆ ಫೋನು ಮತ್ತೆ ಗುನುಗತೊಡಗಿತ್ತು.

"ಇವರೂ ನಮ್ಮಂಗ ಮಂಚದಾಗ ಮಲಗ್ತಿದ್ರೇನ್ರಿ?"

"ಹ್ಞೂಂ, ದಿನಾ."

"ಪಾಪ," ಎಂದಳು ಹುಲಿಗೆಮ್ಮ. "ಇವರಿಗೆ ಮುಯ್ಯಾಳು ಯಾರೂ ಸಿಗಲಿಲ್ಲ ಅಂತ ಕಾಣತೈತಿ."

ಅವಳು ಗೋಡೆಗೆ ಒರಗಿಸಿದ್ದ ಹರಕು ಗೋಣಿತಟ್ಟನ್ನು ಎಳೆದು, ಅವನ ಮುಖಕ್ಕೆ ನೆರಳಾಗುವಂತೆ ಕಂಬಕ್ಕೆ ಕಟ್ಟಿದಳು. ಆಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದೇ ಮೆಟ್ಟಿಲಿನ ಇನ್ನೊಂದು ತುದಿಗೆ ಕುಳಿತು, ಎಲ್ಲರೂ ಏಳುವುದನ್ನು ಕಾಯತೊಡಗಿದಳು.